ಅರ್ಧದ ಲೆಕ್ಕ

ಚ್ವೆಚ್ವೆಚ್ವೆ.
ನಮ್ಮ ಗಾ ಮಾತಿನಲ್ಲಿ ಅದಕ್ಕೆ ಅದೇ ಹೆಸರು.
ನೋವಿಗೆ ಕಾರಣ ಹುಡುಕುವ ಮೊದಲೇ
ಅದರ ಸದ್ದನ್ನು ಹಿಡಿದಿಟ್ಟಿದ್ದರು ಮುತ್ತಜ್ಜಿಯರು,
ಮೂಳೆಯೊಳಗೆ ಕೂತು ಯಾರೋ ಜಗಿಯುವ ಸದ್ದು.
ರಕ್ತದ ಕಣ ಕುಡುಗೋಲಾಗುತ್ತದೆ ಎಂದು
ಆಸ್ಪತ್ರೆಯವರು ಹೇಳಿದಾಗ ಅಮ್ಮ ನಕ್ಕಿದ್ದಳು:
ಸಮುದ್ರದವರು ನಾವು,
ಕೊಯ್ಯಲು ನಮಗೆಲ್ಲಿದೆ ಹೊಲ?

ಡಿಸೆಂಬರಿನ ಕೊನೆ. ಹರ್ಮಟ್ಟಾನ್ ಬೀಸಿ
ಜೇಮ್ಸ್‌ಟೌನಿನ ದೋಣಿಗಳ ಮೇಲೆಲ್ಲ ಮರುಭೂಮಿ.
ಊರಿಗೆ ಊರೇ ತುಟಿ ಒಡೆದು ಕೂತಿತ್ತು.
ನೀನು ಪಕ್ಕೆ ಹಿಡಿದುಕೊಂಡೆ, ಅಕುವೊಕೊ,
ಕೆಮ್ಮಿದರೆ ಒಳಗೆ ಮೊಳೆ ಹೊಡೆದ ಹಾಗೆ ಎಂದೆ.
ಕೆಂಕಿಯ ಸಿಪ್ಪೆ ಬಿಡಿಸುತ್ತಿದ್ದವಳು
ಅರ್ಧಕ್ಕೇ ಬಿಟ್ಟು ಎದ್ದೆ.

ಕೊರ್ಲೆ ಬೂ ತಲುಪುವಷ್ಟರಲ್ಲಿ ನಿನ್ನ ಉಗುರು ಬೂದಿ.
ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದ
ಡಾಕ್ಟರ್ ಅಗ್ಬೆಕೊ ಏನೂ ಹೇಳಲಿಲ್ಲ.
ಹೇಳುವುದೇನು? ಕಪ್ಪಗಿರಬೇಕಾದಲ್ಲೆಲ್ಲ
ಹರ್ಮಟ್ಟಾನ್ ಇಳಿದಿತ್ತು, ಬೆಳ್ಳಗೆ.
ನೂರಕ್ಕೆ ಎಂಬತ್ತೊಂದು.
ಎಪ್ಪತ್ತೆಂಟು.
ಶಾಲೆಯಲ್ಲಿ ಎಂದೂ
ನನಗಿಂತ ಕಡಿಮೆ ತೆಗೆದವಳಲ್ಲ ನೀನು.

ಗಂಟಲಿಗೆ ನಳಿಗೆ ಇಳಿಸುವ ಮೊದಲು ಒಂದೇ ಮಾತು:
ನನ್ನ ಹಸಿರು ಚಪ್ಪಲಿ ಮೆಟ್ಟಬೇಡ.
ಆಮೇಲೆ ಯಂತ್ರ ನಿನ್ನ ಪರವಾಗಿ ಉಸಿರಾಡಿತು,
ಒಂದೇ ಸಮ, ಬೇಸರವಿಲ್ಲದೆ,
ಬಾಡಿಗೆಗೆ ಬಂದ ಅಳುವವಳ ಹಾಗೆ.

ಇವಳ ರಕ್ತ ತೆಗೆದು ಬೇರೆಯದು ತುಂಬಬೇಕು.
ಆರು ಚೀಲ. ಜನ ಕರೆತನ್ನಿ.

ನಾನು ತೋಳು ಚಾಚಿದೆ.
ಒಂಬತ್ತು ತಿಂಗಳು ಒಂದೇ ಕತ್ತಲಲ್ಲಿ ಮಡಚಿಕೊಂಡವರು,
ಅವಳಿಗಳ ಹಬ್ಬದಲ್ಲಿ ಒಂದೇ ಥಾನಿನ ಬಿಳಿ ಬಟ್ಟೆ ಉಟ್ಟು
ಒಂದೇ ಬಟ್ಟಲಿನ ಗೆಣಸು ತಿಂದವರು.
ರಕ್ತನಿಧಿಯ ಹುಡುಗ ಚೀಟಿ ನೋಡಿ ತಲೆಯಾಡಿಸಿದ:
ನಿಮ್ಮಲ್ಲೂ ಅರ್ಧ ಇದೆ, ಅಕ್ಕ.
ನಿಮಗದು ತೊಂದರೆ ಕೊಡದು. ಅವರಿಗೆ ಆಗದು.

ಅರ್ಧ.
ಅಪ್ಪನದೊಂದು, ಅಮ್ಮನದೊಂದು,
ಎರಡೂ ಕೂಡಿ ನೀನು.
ನನ್ನ ಪಾಲಿಗೆ ಬಂದ ಒಂದು ಮಾತ್ರ
ಹೊಸ್ತಿಲ ಮೇಲಿನ ಮುದಿ ನಾಯಿಯಂತೆ
ಇಪ್ಪತ್ತಾರು ವರ್ಷ ಮಲಗಿಯೇ ಇತ್ತು.
ಅದನ್ನು ಆವತ್ತು ಒದೆಯಬೇಕೆನಿಸಿತು.

ಓಡಿದೆ. ಚರ್ಚಿಗೆ, ಮೀನುಪೇಟೆಗೆ,
ಕಾನೇಶಿಯ ಟ್ರೋಟ್ರೋ ನಿಲ್ದಾಣಕ್ಕೆ.
ವ್ಯಾನಿನ ಬಾಗಿಲಿಗೆ ಜೋತುಬಿದ್ದು
ಸರ್ಕ್ ಸರ್ಕ್ ಸರ್ಕ್ ಎಂದು ಕೂಗುವ ಅತಿಂಗಾ,
ಉತ್ತರದ ಕಡೆಯವನು, ನಮ್ಮ ಮಾತೂ ಸರಿಯಾಗಿ ಬಾರದವನು,
ಕೂಗು ನಿಲ್ಲಿಸಿ ಕೇಳಿಸಿಕೊಂಡ.
ನಿಮ್ಮ ತಂಗಿಗೆ ಐವತ್ತು ಪೆಸೆವಾ
ಚಿಲ್ಲರೆ ಬಾಕಿ ಇದೆ ಎಂದು
ಡ್ರೈವರನ್ನೂ ಎಳೆದುಕೊಂಡು ಬಂದ.

ಆ ರಾತ್ರಿಯಿಡೀ
ಒಂದು ತೋಳಿನಿಂದ ನೀನು ಹೊರಗೆ,
ಇನ್ನೊಂದರಿಂದ ಬಸ್‌ ನಿಲ್ದಾಣ ಒಳಗೆ.
ಇಷ್ಟು ತೆಗೆದು ಇಷ್ಟು ಹಾಕಿ
ದಾದಿ ಎಸಿನಾಮ್ ಕಾಗದದ ಮೇಲೆ ಗೀಟು ಎಳೆದಳು,
ಟೊಮೇಟೊ ಮಾರುವವಳ ಉದ್ದರಿ ಪುಸ್ತಕದಂತೆ.
ಕರೆಂಟು ಹೋದಾಗ ಗೀಟು ನಿಲ್ಲಿಸಿ
ಗಾಳಿಚೀಲ ಹಿಡಿದು ಒತ್ತುತ್ತ ನಿಂತಳು.
ಎಷ್ಟು ಹೊತ್ತು? ಕೇಳಬೇಡ.

ಪಕ್ಕದ ಮಂಚದ ಹುಡುಗನಿಗೆ ಬೆಳಗಾಗಲಿಲ್ಲ.
ಹೋಗುವಾಗ ಅವನ ತಾಯಿ
ಉಳಿದಿದ್ದ ಮೂರು ನೀರಿನ ಪೊಟ್ಟಣ ನನ್ನ ಮಡಿಲಿಗಿಟ್ಟಳು.
ಕುಡಿದೆ. ಬಾಯಾರಿತ್ತು.

ಆರನೆಯ ದಿನ ನಳಿಗೆ ತೆಗೆದು
ಕೈಗೊಂದು ಪ್ಲಾಸ್ಟಿಕ್ ಆಟಿಕೆ ಕೊಟ್ಟರು,
ಮೂರು ಗೂಡು, ಮೂರು ನೀಲಿ ಚೆಂಡು.
ಉಸಿರು ಎಳೆದರೆ ಏಳಬೇಕು.
ಮೊದಲನೆಯದು ಎದ್ದಿತು. ಎರಡನೆಯದು
ಯೋಚಿಸಿ, ಸ್ವಲ್ಪ ಅಲುಗಿ, ಕೂತಿತು.
ನಾನು ಎಳೆದು ತೋರಿಸಿದೆ. ಮೂರೂ
ಟಪ್ಪೆಂದು ಮೇಲಕ್ಕೆ.
ನಾಚಿಕೆಯಾಗಿ ಕೆಳಗಿಟ್ಟೆ.

ಆಗ ನಿನ್ನ ಕಣ್ಣು ನನ್ನ ಪಾದಕ್ಕಿಳಿಯಿತು.
ಓಡಿ ಓಡಿ ನನ್ನದರ ಉಂಗುಷ್ಠ ಕಿತ್ತುಹೋಗಿತ್ತು, ತಂಗಿ,
ಹೇಳೋಣವೆಂದುಕೊಂಡೆ.
ಕೊಳವೆ ಬಾಯಲ್ಲಿರುವಾಗಲೇ
ಬೈಯಲೆಂದು ನೀನು ಉಸಿರೆಳೆದೆ.

ಎರಡನೆಯದು ಎದ್ದು ನಿಂತಿತು.
ಮೂರನೆಯದು ನೆಲ ಬಿಟ್ಟಿತು.